ಅಳೆಯುವುದು, ಕುಲುಕುವುದು, ಬೆಳಕು ಬಿಡುವುದು: ಲ್ಯಾಬಿನ ಪಾಠ ಮನೆಯ ಆರೋಗ್ಯಕ್ಕೆ

ಸಣ್ಣ ಮಕ್ಕಳಿರುವ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಲ್ಲೋ ಕಪಾಟಿನ ಮೇಲೋ ಅರ್ಧ ಮುಗಿದ ಔಷಧದ ಬಾಟಲಿ ಒಂದಾದರೂ ಇರುತ್ತದೆ. ಅದರ ಲೇಬಲ್ ಓದಿದರೆ ಔಷಧದ ಹೆಸರಿನ ಪಕ್ಕದಲ್ಲಿ ‘ಸಸ್ಪೆನ್ಶನ್’ ಎಂಬ ಪದ, ಅದರ ಕೆಳಗೆಲ್ಲೋ ‘ಶೇಕ್ ವೆಲ್ ಬಿಫೋರ್ ಯೂಸ್’ ಎಂಬ ಸೂಚನೆ ಕಾಣುತ್ತದೆ. ಅದೇ ಮನೆಯಲ್ಲಿ ಒಂಬತ್ತನೇ ತರಗತಿಯ ವಿದ್ಯಾರ್ಥಿ ಇದ್ದರೆ ಅವನ ವಿಜ್ಞಾನ ಪುಸ್ತಕದಲ್ಲೂ ಅದೇ ಪದವಿದೆ. ದ್ರಾವಣ, ಕಲಿಲ, ನಿಲಂಬನ ಎಂಬ ಮೂರರಲ್ಲಿ ಮೂರನೆಯದು ಅದೇ. ಆದರೆ ಪುಸ್ತಕದ ಪದವನ್ನೂ ಬಾಟಲಿಯ ಪದವನ್ನೂ ಜೋಡಿಸಿ ನೋಡುವ ಮಕ್ಕಳು ಎಷ್ಟು ಮಂದಿ? ತಂಗಿಗೆ ಔಷಧ ಕೊಡುವಾಗ, “ಅಮ್ಮಾ, ಮೊದಲು ಕುಲುಕಬೇಕು, ಇದು ನಿಲಂಬನ” ಎನ್ನುವವರು ಎಷ್ಟು ಮಂದಿ?

ಈ ಪಾಠವನ್ನು ನಾವು ಎರಡು ಅಂಕದ ಪ್ರಶ್ನೆಯಾಗಿ ಮಾಡಿಬಿಟ್ಟಿದ್ದೇವೆ. ಮೂರು ಕಂಬಗಳ ಒಂದು ಪಟ್ಟಿ, ಅದರಲ್ಲಿ ಕಣದ ಗಾತ್ರ, ಸೋಸುವಿಕೆ, ಸ್ಥಿರತೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಮರೆಯುತ್ತಾರೆ. ಶಾಲೆಯ ಲ್ಯಾಬಿನಲ್ಲಿ ಪ್ರತಿ ಮಗುವೂ ತನ್ನ ಕೈಯಾರೆ ಮಾಡಲೇಬೇಕಾದ ಒಂದು ಪ್ರಯೋಗವನ್ನು ಆರಿಸಲು ಹೇಳಿದರೆ ನಾನು ಇದನ್ನೇ ಆರಿಸುತ್ತೇನೆ. ಔಷಧ, ಕುಡಿಯುವ ನೀರು, ಭೇದಿಯಾದ ಮಗುವಿಗೆ ಕೊಡುವ ಓ.ಆರ್.ಎಸ್., ಅಜ್ಜಿಯ ಇನ್ಸುಲಿನ್ ಎಲ್ಲವೂ ಈ ಮೂರರ ವ್ಯತ್ಯಾಸದ ಮೇಲೆಯೇ ನಿಂತಿವೆ.

ಮೂರು ಬಗೆಯ ಮಿಶ್ರಣಗಳು

ನೀರಿಗೆ ಉಪ್ಪು ಹಾಕಿ ಕಲಕಿದರೆ ಉಪ್ಪು ಕಾಣೆಯಾಗುತ್ತದೆ. ಎಷ್ಟು ಹೊತ್ತು ಇಟ್ಟರೂ ತಳದಲ್ಲಿ ಕೂರುವುದಿಲ್ಲ, ಬಟ್ಟೆಯಲ್ಲೋ ಸೋಸು ಕಾಗದದಲ್ಲೋ ಸಿಕ್ಕುವುದಿಲ್ಲ. ಇದು ದ್ರಾವಣ. ಇದರ ಕಣಗಳು ಒಂದು ನ್ಯಾನೋಮೀಟರಿಗಿಂತ ಚಿಕ್ಕವು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಮೀಟರ್.

ನೀರಿಗೆ ಸೀಮೆಸುಣ್ಣದ ಪುಡಿಯನ್ನೋ ಮಣ್ಣನ್ನೋ ಹಾಕಿ ಕಲಕಿದರೆ ಸ್ವಲ್ಪ ಹೊತ್ತು ರಾಡಿಯಾಗಿ ಕಾಣುತ್ತದೆ, ಆಮೇಲೆ ಪುಡಿ ತಳಕ್ಕಿಳಿಯುತ್ತದೆ. ಸೋಸಿದರೆ ಕಾಗದದ ಮೇಲೆ ಉಳಿಯುತ್ತದೆ. ಇದು ನಿಲಂಬನ.

ಇವೆರಡರ ನಡುವಿನದು ಕಲಿಲ. ಹಾಲು, ಅನ್ನದ ಗಂಜಿಯ ತಿಳಿ, ನೀರಿಗೆ ಬೆರೆಸಿದ ಮೊಟ್ಟೆಯ ಬಿಳಿ ಭಾಗ ಇದರ ಉದಾಹರಣೆಗಳು. ಇವುಗಳ ಕಣ ತಳದಲ್ಲಿ ಕೂರುವಷ್ಟು ದೊಡ್ಡದಲ್ಲ, ದ್ರಾವಣದ ಕಣದಷ್ಟು ಚಿಕ್ಕದೂ ಅಲ್ಲ. ಕೆಲವು ಪುಸ್ತಕಗಳು 1ರಿಂದ 100 ನ್ಯಾನೋಮೀಟರ್ ಎನ್ನುತ್ತವೆ, ಕೆಲವು 1,000ದವರೆಗೆ ಎನ್ನುತ್ತವೆ. ಸೋಸು ಕಾಗದದಲ್ಲಿ ಇವು ಹಾದುಹೋಗುತ್ತವೆ, ಆದರೆ ಬೆಳಕು ಬಿಟ್ಟರೆ ಸಿಕ್ಕಿಬೀಳುತ್ತವೆ. ಕತ್ತಲಲ್ಲಿ ಒಂದು ಬದಿಯಿಂದ ಸಣ್ಣ ಬೆಳಕು ಹಾಯಿಸಿದರೆ ಕಲಿಲದ ಒಳಗೆ ಬೆಳಕಿನ ದಾರಿ ಗೆರೆಯಂತೆ ಕಾಣುತ್ತದೆ, ಉಪ್ಪು ನೀರಿನಲ್ಲಿ ಕಾಣುವುದಿಲ್ಲ. ಇದನ್ನೇ ಟಿಂಡಾಲ್ ಪರಿಣಾಮ ಎನ್ನುವುದು.

ಇಫ್ತಾರಿಗೆ ಮಾಡುವ ಒಂದು ಲೋಟ ಹಣ್ಣಿನ ಶರಬತ್ತಿನಲ್ಲೇ ಮೂರೂ ಇವೆ. ಸಕ್ಕರೆ ಕರಗಿ ದ್ರಾವಣವಾಗಿರುತ್ತದೆ. ಬೆರೆಸಿದ ಹಾಲು ಕಲಿಲ. ಹಣ್ಣಿನ ತಿರುಳು ನಿಧಾನವಾಗಿ ತಳಕ್ಕಿಳಿಯುತ್ತದೆ. ನಮ್ಮ ರಕ್ತವೂ ಹಾಗೆಯೇ. ಅದರಲ್ಲಿ ಲವಣ ಮತ್ತು ಗ್ಲೂಕೋಸ್ ಕರಗಿವೆ, ಪ್ರೋಟೀನ್‌ಗಳು ಕಲಿಲದ ರೂಪದಲ್ಲಿವೆ, ರಕ್ತಕಣಗಳು ತೇಲಾಡುತ್ತಿವೆ. ರಕ್ತಪರೀಕ್ಷೆಯ ವರದಿಯಲ್ಲಿ ‘ಇ.ಎಸ್.ಆರ್.’ ಎಂಬ ಸಾಲನ್ನು ನೀವು ನೋಡಿರಬಹುದು. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಒಂದು ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ಅಳೆಯುವುದೇ ಆ ಪರೀಕ್ಷೆ. ಸೀಮೆಸುಣ್ಣದ ಪುಡಿ ತಳಕ್ಕಿಳಿಯುವುದನ್ನು ಲ್ಯಾಬಿನಲ್ಲಿ ನೋಡಿದ ಮಗುವಿಗೆ ಇದನ್ನು ಒಂದೇ ಮಾತಿನಲ್ಲಿ ವಿವರಿಸಬಹುದು.

‘ಕೊಲಾಯ್ಡ್’ ಎಂಬ ಹೆಸರನ್ನು 1861ರಲ್ಲಿ ಕೊಟ್ಟವರು ಥಾಮಸ್ ಗ್ರಹಾಂ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ. ತೆಳುವಾದ ಪೊರೆಯ ಮೂಲಕ ಉಪ್ಪು, ಸಕ್ಕರೆಯಂಥವು ಹಾದುಹೋಗುತ್ತವೆ, ಅಂಟಿನಂಥ ವಸ್ತುಗಳು ಹಿಂದೆಯೇ ಉಳಿಯುತ್ತವೆ ಎಂದು ಅವರು ತೋರಿಸಿದರು. ಆ ಬೇರ್ಪಡಿಸುವಿಕೆಗೆ ಅವರೇ ಇಟ್ಟ ಹೆಸರು ಡಯಾಲಿಸಿಸ್. ಇಂದು ಮೂತ್ರಪಿಂಡ ಸೋತವರನ್ನು ಬದುಕಿಸುತ್ತಿರುವ ಯಂತ್ರ ನಡೆಯುವುದು ಇದೇ ತತ್ತ್ವದ ಮೇಲೆ. ಕರಗಿರುವ ಯೂರಿಯಾ ಪೊರೆಯ ಆಚೆ ಹೋಗುತ್ತದೆ, ಪ್ರೋಟೀನ್ ಮತ್ತು ರಕ್ತಕಣ ಈಚೆ ಉಳಿಯುತ್ತವೆ.

ಲ್ಯಾಬಿನಲ್ಲಿ ಆಗಬೇಕಾದದ್ದು

ಪ್ರಯೋಗಕ್ಕೆ ಬೇಕಾದದ್ದು ನಾಲ್ಕು ಗಾಜಿನ ಲೋಟ ಅಥವಾ ಬೀಕರ್, ಆಲಿಕೆ, ಸೋಸು ಕಾಗದ, ಒಂದು ಟಾರ್ಚ್. ಒಂದರಲ್ಲಿ ಉಪ್ಪು ನೀರು. ಎರಡನೆಯದರಲ್ಲಿ ಚಿಟಿಕೆ ಪಿಷ್ಟವನ್ನು ಮೊದಲು ತಣ್ಣೀರಿನಲ್ಲಿ ಕಲಸಿ, ಕುದಿಯುವ ನೀರಿಗೆ ಸುರಿದು ಆರಿಸಿದ ತಿಳಿ. ಮೂರನೆಯದರಲ್ಲಿ ತಣ್ಣೀರಿಗೆ ಬೆರೆಸಿದ ಮೊಟ್ಟೆಯ ಬಿಳಿ ಭಾಗ. ಬಿಸಿ ನೀರು ಹಾಕಿದರೆ ಅದು ಗಟ್ಟಿಯಾಗಿ ಹೋಗುತ್ತದೆ. ನಾಲ್ಕನೆಯದರಲ್ಲಿ ಸೀಮೆಸುಣ್ಣದ ಪುಡಿ. ಹತ್ತು ಹದಿನೈದು ನಿಮಿಷ ಅಲುಗಾಡಿಸದೆ ಇಟ್ಟು ಯಾವುದು ಕೂತಿತು ನೋಡಬೇಕು. ಕಿಟಕಿ ಮುಚ್ಚಿ, ನಡುವೆ ಸಣ್ಣ ತೂತು ಮಾಡಿದ ಕಪ್ಪು ರಟ್ಟನ್ನು ಟಾರ್ಚಿಗೆ ಅಡ್ಡ ಹಿಡಿದು ಬೆಳಕು ಬಿಡಬೇಕು. ಕೊನೆಗೆ ಸೋಸಬೇಕು.

ಇಲ್ಲಿ ಮಗು ಕಲಿಯುವ ಒಂದು ಮುಖ್ಯ ಮಾತಿದೆ. ಅದು ಪಟ್ಟಿಯಲ್ಲಿ ಇರುವುದಿಲ್ಲ. ಪಿಷ್ಟದ ತಿಳಿಯನ್ನು ಸೋಸಿದಾಗ ಕೆಳಗೆ ಬಿದ್ದ ನೀರು ಬಹುಪಾಲು ತಿಳಿಯಾಗಿಯೇ ಕಾಣುತ್ತದೆ. ‘ಸೋಸಿದ್ದಾಯಿತು, ಇನ್ನು ನೀರು ಶುದ್ಧ’ ಎಂದು ಯಾರಿಗಾದರೂ ಅನಿಸಬಹುದು. ಆ ನೀರಿಗೆ ಒಂದು ಹನಿ ಅಯೋಡಿನ್ ಹಾಕಿದರೆ ಅದು ನೀಲಿಯಾಗುತ್ತದೆ. ಅಂದರೆ ಪಿಷ್ಟ ಕಾಗದವನ್ನು ದಾಟಿ ಬಂದಿದೆ. ಸೋಸಿದ್ದೆಲ್ಲ ಶುದ್ಧವಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಭಾಷಣವೂ ಕಲಿಸಲಾರದು.

ಇನ್ನೊಂದು ಮಾತು. ದ್ರಾವಣ ಎಂದರೆ ಬಣ್ಣವಿಲ್ಲದ್ದು ಎಂದು ಅನೇಕ ಮಕ್ಕಳು ತಿಳಿದಿರುತ್ತಾರೆ. ಮೈಲುತುತ್ತದ ದ್ರಾವಣ ಕಡು ನೀಲಿ. ಆದರೂ ಅದು ಪಾರದರ್ಶಕ, ಆಚೆಯ ಅಕ್ಷರ ಓದಬಹುದು. ಒಂದೆರಡು ಹನಿ ಹಾಲು ಬಿದ್ದ ಒಂದು ಲೋಟ ನೀರು ದೂರದಿಂದ ಬರೀ ನೀರಿನಂತೆ ಕಂಡರೂ ಬೆಳಕು ಬಿಟ್ಟೊಡನೆ ಗೆರೆ ಮೂಡುತ್ತದೆ. ಬರಿಗಣ್ಣಿನ ತೀರ್ಮಾನವನ್ನು ಪರೀಕ್ಷೆಗೆ ಒಡ್ಡಬೇಕು ಎಂಬುದೇ ಈ ಪ್ರಯೋಗದ ಸಾರ. ಎರಡು ಎಚ್ಚರಿಕೆಗಳನ್ನೂ ಹೇಳಬೇಕು: ಲ್ಯಾಬಿನಲ್ಲಿ ಯಾವುದನ್ನೂ ರುಚಿ ನೋಡಬಾರದು, ಮೈಲುತುತ್ತ ವಿಷ. ಟಾರ್ಚಿನ ಬದಲು ಲೇಸರ್ ಬಳಸಿದರೆ ಯಾರ ಕಣ್ಣಿನ ಕಡೆಗೂ ತಿರುಗಿಸಬಾರದು.

ದ್ರಾವಣವನ್ನು ಅಳೆಯಬೇಕು

ದ್ರಾವಣ ಎಷ್ಟು ಗಾಢವಾಗಿದೆ ಎಂದು ಕಣ್ಣು ಹೇಳಲಾರದು. ಒಂದು ಚಮಚ ಉಪ್ಪು ಬಿದ್ದ ನೀರೂ ನಾಲ್ಕು ಚಮಚ ಬಿದ್ದ ನೀರೂ ನೋಡಲು ಒಂದೇ. ಓ.ಆರ್.ಎಸ್. ವಿಷಯದಲ್ಲಿ ಜನ ಎಡವುವುದು ಇಲ್ಲೇ. ಒಂದು ಲೀಟರಿಗೆ ಬೆರೆಸಬೇಕಾದ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು, ‘ಗಟ್ಟಿಯಾಗಿದ್ದರೆ ಬೇಗ ಗುಣ’ ಎಂದು ಕುಡಿಸುವವರಿದ್ದಾರೆ. ಅತಿ ಗಾಢವಾದರೆ ಭೇದಿ ಹೆಚ್ಚಬಹುದು, ಮಗುವಿನ ರಕ್ತದಲ್ಲಿ ಸೋಡಿಯಂ ಏರಬಹುದು. ತೀರಾ ತೆಳುವಾದರೆ ಲವಣ ಸಾಕಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇವೆ. ಒಟ್ಟು 20.5 ಗ್ರಾಂ. ಇದರಲ್ಲಿ ಅಂದಾಜಿಗೆ ಜಾಗವಿಲ್ಲ. ಅಂಗಡಿಯಲ್ಲಿ ಒಂದು ಲೀಟರಿನ ಪೊಟ್ಟಣವೂ ಸಿಗುತ್ತದೆ, 200 ಮಿ.ಲೀ.ಯ ಪೊಟ್ಟಣವೂ ಸಿಗುತ್ತದೆ. ಮೊದಲು ಪೊಟ್ಟಣ ಓದಿ, ನೀರನ್ನು ಅಳೆದು, ಪೂರ್ತಿ ಕರಗುವವರೆಗೆ ಕಲಕಿ. ಹಾಲು, ಜ್ಯೂಸ್, ಸೋಡಾಕ್ಕೆ ಬೆರೆಸಬೇಡಿ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದ ತುರ್ತಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು ಬೆರೆಸಬಹುದು. ಮಟ್ಟ ಚಮಚ ಎಂದರೆ ಗುಡ್ಡೆಯಾಗಿರದೆ, ಮೇಲೆ ಸವರಿ ಸಮ ಮಾಡಿದ್ದು.

ಇಷ್ಟು ಸರಳವಾದ ಒಂದು ದ್ರಾವಣ ಏನು ಮಾಡಬಲ್ಲದು? 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದರು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಿತ್ತು. ಡಾ. ದಿಲೀಪ್ ಮಹಲನೊಬಿಸ್ ಅವರು ಉಪ್ಪು ಮತ್ತು ಗ್ಲೂಕೋಸಿನ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅಳತೆ ಸರಿಯಾಗಿತ್ತು. ಅದನ್ನು ಕುಡಿಸಲು ತಾಯಿ, ಅಕ್ಕ, ಅಣ್ಣ ಸಾಕಾಗಿದ್ದರು.

ನಿಲಂಬನವನ್ನು ಕುಲುಕಬೇಕು

ದ್ರಾವಣದ ಮೊದಲ ಗುಟುಕೂ ಕೊನೆಯ ಗುಟುಕೂ ಒಂದೇ. ನಿಲಂಬನ ಹಾಗಲ್ಲ. ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ಬಹಳ ಸಲ ನಿಲಂಬನವಾಗಿ ಬರುತ್ತದೆ, ನೀರು ಬೆರೆಸಿ ಮಾಡುವ ಆಂಟಿಬಯೋಟಿಕ್ ‘ಡ್ರೈ ಸಿರಪ್’ ಕೂಡ ಅಂಥದ್ದೇ. ಬಾಟಲಿ ಸುಮ್ಮನೆ ನಿಂತಿದ್ದರೆ ಔಷಧ ತಳದಲ್ಲಿ ಕೂರುತ್ತದೆ. ಕುಲುಕದೆ ಕೊಟ್ಟರೆ ಮೊದಲ ದಿನಗಳಲ್ಲಿ ಮಗುವಿಗೆ ಸಿಗುವುದು ಸಿಹಿ ನೀರು, ಕೊನೆಯ ದಿನಗಳಲ್ಲಿ ಸಿಗುವುದು ದಪ್ಪ ಗಸಿ. ಮೊದಲು ಕಡಿಮೆ, ಕೊನೆಗೆ ಹೆಚ್ಚು. ‘ಎರಡು ದಿನ ಕೊಟ್ಟೆ, ಜ್ವರ ಇಳಿಯಲಿಲ್ಲ’ ಎಂದು ಡಾಕ್ಟರನ್ನು ಬದಲಾಯಿಸುವ ಮೊದಲು ಬಾಟಲಿಯ ತಳ ನೋಡುವುದು ಒಳ್ಳೆಯದು.

ಅಪಸ್ಮಾರಕ್ಕೆ ಕೊಡುವ ಫೆನಿಟೊಯಿನ್ ಸಸ್ಪೆನ್ಶನ್ ವಿಷಯದಲ್ಲಿ ಇದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಅಪಾಯ. ಕುಲುಕದಿದ್ದರೆ ಬಾಟಲಿಯ ಮೇಲ್ಭಾಗದ ಔಷಧ ಸಾಕಾಗದೆ ಫಿಟ್ಸ್ ಬರಬಹುದು. ತಳದ ಔಷಧ ಅತಿಯಾಗಿ ಮಗು ಮಂಕಾಗಬಹುದು, ನಡೆಯುವಾಗ ತೂರಾಡಬಹುದು.

ಡ್ರೈ ಸಿರಪ್ ತಯಾರಿಸುವಾಗ ಮೊದಲು ಬಾಟಲಿಯನ್ನು ತಟ್ಟಿ ಪುಡಿಯನ್ನು ಸಡಿಲಿಸಿ. ಕುದಿಸಿ ಆರಿಸಿದ ನೀರನ್ನು ಸ್ವಲ್ಪ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿಸಿ ಮತ್ತೆ ಕುಲುಕಿ. ಪ್ರತಿ ಸಲವೂ ಕುಲುಕಿಯೇ ಕೊಡಿ. ಅಡುಗೆಮನೆಯ ಚಮಚ ಬೇಡ, ಜೊತೆಗೆ ಬಂದ ಅಳತೆಯ ಮುಚ್ಚಳವೇ ಇರಲಿ. ಲೇಬಲ್ ಹೇಳಿದ ದಿನ ಮುಗಿದ ಮೇಲೆ ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಕಾದಿಡಬೇಡಿ.

ಮನೆಯ ಹಿರಿಯರ ಇನ್ಸುಲಿನ್ ಕೂಡ ಇದೇ ಪಾಠ. ಕೆಲವು ಇನ್ಸುಲಿನ್ ನೀರಿನಂತೆ ತಿಳಿ, ಕೆಲವು ಹಾಲಿನಂತೆ ಬೆಳ್ಳಗೆ. ಬೆಳ್ಳಗಿರುವುದು ನಿಲಂಬನ. ಅದನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಹತ್ತಾರು ಸಲ ಮೇಲೆ ಕೆಳಗೆ ಮಾಡಿ, ಒಂದೇ ಸಮನಾದ ಮೇಲೆ ಚುಚ್ಚಬೇಕು. ಜೋರಾಗಿ ಕುಲುಕಬಾರದು. ತಿಳಿಯಾಗಿಯೇ ಇರಬೇಕಾದ ಇನ್ಸುಲಿನ್ ಮಸುಕಾಗಿ ಕಂಡರೆ ಅದನ್ನು ಬಳಸಬಾರದು. ಮೊಮ್ಮಗಳು ಲ್ಯಾಬಿನಲ್ಲಿ ಕಲಿತದ್ದು ಅಜ್ಜಿಯ ಸಕ್ಕರೆ ಕಾಯಿಲೆಗೆ ಉಪಯೋಗವಾಗುವುದು ಹೀಗೆ.

ತಿಳಿ ನೀರು ಮತ್ತು ಶುದ್ಧ ನೀರು

ನೀರಿನ ವಿಷಯದಲ್ಲಿ ನಾವು ಕಣ್ಣನ್ನು ನಂಬುವುದು ಹೆಚ್ಚು. ರಾಡಿ ನೀರು ಕೆಟ್ಟದ್ದು, ತಿಳಿ ನೀರು ಒಳ್ಳೆಯದು ಎಂಬುದೇ ನಮ್ಮ ಲೆಕ್ಕ. ಮೊದಲ ಮಾತು ಸರಿ, ಎರಡನೆಯದು ಅರ್ಧ ಮಾತ್ರ ಸರಿ.

ಮಳೆಗಾಲದ ಬಾವಿ ನೀರಿನಲ್ಲಿರುವ ಮಣ್ಣಿನ ದೊಡ್ಡ ಕಣ ಒಂದು ರಾತ್ರಿ ಇಟ್ಟರೆ ಕೂರುತ್ತದೆ. ನುಣ್ಣನೆಯ ಜೇಡಿ ಕಣ ಕಲಿಲದಂತೆ ದಿನಗಟ್ಟಲೆ ತೇಲುತ್ತದೆ, ಏಕೆಂದರೆ ಆ ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂಡುತ್ತಿರುತ್ತವೆ. ಪಟಿಕ, ಅಂದರೆ ಫಿಟ್ಕರಿ ಹಾಕಿದಾಗ ಅದರ ಅಲ್ಯೂಮಿನಿಯಂ ಆ ದೂಡಾಟವನ್ನು ನಿಲ್ಲಿಸುತ್ತದೆ. ಕಣಗಳು ಗುಂಪಾಗಿ ತಳಕ್ಕಿಳಿಯುತ್ತವೆ. ನೀರು ತಿಳಿಯಾಗುತ್ತದೆ, ಆದರೆ ರೋಗಾಣು ಪೂರ್ತಿ ಹೋಗುವುದಿಲ್ಲ. ಕಾಮಾಲೆ ತರುವ ಹೆಪಟೈಟಿಸ್ ‘ಎ’ ವೈರಸ್ಸಿನ ಗಾತ್ರ ಸುಮಾರು 30 ನ್ಯಾನೋಮೀಟರ್, ಅಂದರೆ ಕಲಿಲದ ಕಣದಷ್ಟು. ಯಾವ ಬಟ್ಟೆಯೂ ಅದನ್ನು ಹಿಡಿಯದು. ಅದಕ್ಕೆ ಬೇಕಾದದ್ದು ಕುದಿಸುವುದು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು.

ಹಾಗೆಂದು ಬಟ್ಟೆಯಲ್ಲಿ ಸೋಸುವುದು ವ್ಯರ್ಥವೂ ಅಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಪದರ ಮಡಚಿ ಕೆರೆ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧದಷ್ಟು ಕಡಿಮೆಯಾಯಿತೆಂದು ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಅವರ ತಂಡ 2003ರಲ್ಲಿ ಪ್ರಕಟಿಸಿತು. ಕಾಲರಾದ ಬ್ಯಾಕ್ಟೀರಿಯಾ ನೀರಿನ ಸೂಕ್ಷ್ಮ ಜೀವಿಗಳಿಗೆ ಅಂಟಿಕೊಂಡಿರುತ್ತದೆ, ಆ ಜೀವಿಗಳು ಬಟ್ಟೆಯಲ್ಲಿ ಸಿಕ್ಕುವಷ್ಟು ದೊಡ್ಡವು. ಏನು ಸಿಕ್ಕುತ್ತದೆ, ಏನು ಸಿಕ್ಕುವುದಿಲ್ಲ ಎಂಬುದು ಗೊತ್ತಿದ್ದರೆ ಹಳೆಯ ಸೀರೆಗೂ ಅದರ ಬೆಲೆ ಇದೆ.

ಇನ್ನು ಕರಗಿದ ವಿಷ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಅನೇಕ ಕೊಳವೆಬಾವಿಗಳ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ಅದರಲ್ಲಿ ಕರಗಿರುವ ಫ್ಲೋರೈಡ್ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ, ವರ್ಷಗಳು ಕಳೆದಂತೆ ಕೀಲು ಬೆನ್ನುಗಳ ಬಿಗಿತವಾಗಿ ಕಾಣಿಸಿಕೊಳ್ಳುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂವರೆಗೆ ಒಪ್ಪಬಹುದು, ಬೇರೆ ನೀರಿಲ್ಲದಿದ್ದರೆ ಮಿತಿ 1.5. ಇದನ್ನು ಸೋಸಿ ತೆಗೆಯಲಾಗದು. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಾಢವಾಗುತ್ತದೆ. ಇದಕ್ಕೆ ಆರ್.ಓ.ದಂಥ ವ್ಯವಸ್ಥೆ ಅಥವಾ ಬೇರೆ ನೀರಿನ ಮೂಲವೇ ಬೇಕು. ಇದೆಯೋ ಇಲ್ಲವೋ ಎಂದು ತಿಳಿಯಲು ಪರೀಕ್ಷೆಯೊಂದೇ ದಾರಿ. ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಯ ಮಹಿಳೆಯರಿಗೇ ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆ ಇದೆ. ಗ್ರಾಮ ಪಂಚಾಯತಿಯಲ್ಲಿ ಕೇಳಿ ನೋಡಿ.

ಲ್ಯಾಬಿನಲ್ಲಿ ಟಾರ್ಚು ಹಿಡಿಯುವುದನ್ನು ಆಟ ಎಂದುಕೊಳ್ಳುವವರಿಗೆ ಒಂದು ಮಾತು. 1870ರ ದಶಕದಲ್ಲಿ ಜಾನ್ ಟಿಂಡಾಲ್ ಒಳಗೋಡೆಗೆ ಗ್ಲಿಸರಿನ್ ಬಳಿದ ಪೆಟ್ಟಿಗೆಯೊಂದನ್ನು ಮಾಡಿ, ಗಾಳಿಯ ಧೂಳೆಲ್ಲ ಅಂಟಿಕೊಳ್ಳುವವರೆಗೆ ಕಾದರು. ಬೆಳಕು ಬಿಟ್ಟಾಗ ಗೆರೆ ಕಾಣದಿದ್ದರೆ ಗಾಳಿಯಲ್ಲಿ ಧೂಳಿಲ್ಲ ಎಂದರ್ಥ. ಆ ಪೆಟ್ಟಿಗೆಯಲ್ಲಿ ಕುದಿಸಿಟ್ಟ ಮಾಂಸದ ಸಾರು ಕೆಡಲಿಲ್ಲ, ಸಾಮಾನ್ಯ ಗಾಳಿಗೆ ತೆರೆದಿಟ್ಟ ಸಾರು ಕೆಟ್ಟಿತು. ಕೊಳೆಯುವಿಕೆ ತಾನಾಗಿ ಹುಟ್ಟುವುದಿಲ್ಲ, ಗಾಳಿಯಲ್ಲಿ ತೇಲುವ ಜೀವಕಣಗಳಿಂದ ಬರುತ್ತದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿಯಾಯಿತು. ಇಂದು ಕುಡಿಯುವ ನೀರಿನ ಕದಡನ್ನು ಅಳೆಯುವ ಉಪಕರಣವೂ ಚದುರಿದ ಬೆಳಕನ್ನೇ ಅಳೆಯುತ್ತದೆ.

ಕೇಳಬೇಕಾದವರು ಪೋಷಕರು

ಇದನ್ನೆಲ್ಲ ಹೇಳಿದರೆ ಶಾಲೆಗಳಿಂದ ಬರುವ ಉತ್ತರಗಳು ಗೊತ್ತಿರುವವೇ. ಪಾಠ ಮುಗಿಸಬೇಕು, ಸಮಯವಿಲ್ಲ. ಅರುವತ್ತು ಮಕ್ಕಳಿಗೆ ಒಬ್ಬರೇ ಶಿಕ್ಷಕರು. ಗಾಜು ಒಡೆಯುತ್ತದೆ. ಇವು ಸುಳ್ಳಲ್ಲ, ಶಿಕ್ಷಕರ ಕಷ್ಟ ನಿಜ. ಆದರೆ ಈ ಪ್ರಯೋಗಕ್ಕೆ ಆಮ್ಲ ಬೇಡ, ಗ್ಯಾಸ್ ಬರ್ನರ್ ಬೇಡ, ದುಬಾರಿ ಉಪಕರಣ ಬೇಡ. ಪಿಷ್ಟದ ತಿಳಿಯನ್ನು ಮೊದಲೇ ಮಾಡಿಟ್ಟರಾಯಿತು. ಐದೈದು ಮಕ್ಕಳ ಗುಂಪು ಮಾಡಿ ಎರಡು ಪೀರಿಯಡ್ ಕೊಟ್ಟರೆ ಮುಗಿಯುತ್ತದೆ. ಗಾಜಿನ ಬದಲು ಪಾರದರ್ಶಕ ಪ್ಲಾಸ್ಟಿಕ್ ಲೋಟವೂ ನಡೆಯುತ್ತದೆ. ಶಿಕ್ಷಕರು ಮುಂದೆ ನಿಂತು ಒಂದು ಸಲ ತೋರಿಸಿದರೆ ಹಿಂದಿನ ಬೆಂಚಿನವರಿಗೆ ಬೆಳಕಿನ ಗೆರೆ ಕಾಣುವುದೇ ಇಲ್ಲ.

ನಮ್ಮ ಸಮುದಾಯದವರು ನಡೆಸುವ ಶಾಲೆಗಳ ಆಡಳಿತ ಮಂಡಳಿಗಳಿಗೂ ಒಂದು ವಿನಂತಿ. ಕಟ್ಟಡಕ್ಕೆ, ಗೇಟಿಗೆ, ವಾರ್ಷಿಕೋತ್ಸವಕ್ಕೆ ದಾನಿಗಳು ಸಿಗುತ್ತಾರೆ. ಲ್ಯಾಬಿನ ಬೀಗ ತೆರೆಯಲು, ಸೋಸು ಕಾಗದ ತರಿಸಲು ಬೇಕಾದ ಮೊತ್ತ ಅದರ ಮುಂದೆ ಏನೂ ಅಲ್ಲ. ಹೆಣ್ಣು ಮಕ್ಕಳಿಗೆ ಲ್ಯಾಬ್ ಯಾಕೆ ಎನ್ನುವ ಮಾತು ಎಲ್ಲಾದರೂ ಉಳಿದಿದ್ದರೆ ಅದನ್ನು ಬಿಡೋಣ. ಮನೆಯಲ್ಲಿ ಔಷಧ ಅಳೆಯುವ, ನೀರು ಕುದಿಸುವ ಕೆಲಸ ಹೆಚ್ಚಾಗಿ ಬೀಳುವುದು ಅವರ ಮೇಲೆಯೇ. ಗಂಡು ಮಕ್ಕಳೂ ಕಲಿತು ಆ ಕೆಲಸ ಹಂಚಿಕೊಳ್ಳಲಿ, ಅದಕ್ಕೂ ಇದೇ ಲ್ಯಾಬ್ ಸಾಕು.

ಮುಂದಿನ ಪೋಷಕರ ಸಭೆಯಲ್ಲಿ ಅಂಕಗಳ ಬಗ್ಗೆ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: “ಸರ್, ಈ ವರ್ಷ ನಮ್ಮ ಮಗು ಲ್ಯಾಬಿನಲ್ಲಿ ತನ್ನ ಕೈಯಾರೆ ಎಷ್ಟು ಪ್ರಯೋಗ ಮಾಡಿದೆ?” ಒಬ್ಬರು ಕೇಳಿದರೆ ನಗಬಹುದು, ಹತ್ತು ಮಂದಿ ಕೇಳಿದರೆ ಲ್ಯಾಬಿನ ಬಾಗಿಲು ತೆರೆದೀತು. ಅಲ್ಲಿಯವರೆಗೆ ಈ ವಾರದ ರಜೆಯಲ್ಲಿ ಅಡುಗೆಮನೆಯ ಮೂರು ಲೋಟ, ಚಿಟಿಕೆ ಉಪ್ಪು, ಎರಡು ಹನಿ ಹಾಲು, ಒಂದು ಹಿಡಿ ಮಣ್ಣು, ಮೊಬೈಲಿನ ಟಾರ್ಚು ಮಗುವಿನ ಕೈಗೆ ಕೊಡಿ. ದೀಪ ಆರಿಸಿ, ಜೊತೆಗೆ ಕೂತು ನೋಡಿ.